ಹಠಮಾರಿ ಜೀಪು

ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಸ್ಪ್ಯಾನರು ಹಿಡಿದು ಅವಳು ಬಾನೆಟ್ಟಿನ ಬಳಿ ನಿಂತಿದ್ದಳು. ನಿವೃತ್ತನಾದ ಹೊಸದರಲ್ಲಿ ಅವಳ ಅಡುಗೆಮನೆ ಹೊಕ್ಕು, ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿ, ಒಗ್ಗರಣೆಗೆ ಎಷ್ಟು ಸಾಸಿವೆ ಹಾಕಬೇಕೆಂದು ಪಾಠ ಹೇಳುತ್ತಿದ್ದ ಗಂಡ, ಮಿಲಿಟರಿ ಹರಾಜಿನಲ್ಲಿ ಈ ಹಳೇ ಜೀಪು ಕೊಂಡು ತಂದ ಮೇಲೆ ಆ ಕಡೆ ತಲೆಹಾಕಿರಲಿಲ್ಲ. ಜೀಪು ಒಂದು ದಿನ ಓಡಿದರೆ ತಿಂಗಳುಗಟ್ಟಲೆ ಮುಷ್ಕರ ಹೂಡುತ್ತಿತ್ತು.

ಇವತ್ತು ಅವನು ರಿಪೇರಿ ಮುಗಿಸಿ ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಗುಡುಗಿತು.

“ಗೆದ್ದೆ ಕಣೇ! ಇನ್ಮೇಲೆ ಇದು ಕೈಕೊಡಲ್ಲ.”

“ಹಾಗಾದ್ರೆ ನಾಳೆಯಿಂದ ಏನ್ರೀ ಮಾಡ್ತೀರಿ?”

“ನಿನ್ನ ಅಡುಗೆಮನೆ ಇದ್ಯಲ್ಲ! ಅದರ ಅವಸ್ಥೆ ನೋಡಿದ್ರೆ ಮೈ ಉರಿಯುತ್ತೆ.”

“ಆಗ್ಲಿ, ಕೈ ತೊಳ್ಕೊಳ್ಳಿ. ಕಾಫಿ ಕೊಡ್ತೀನಿ.”

ಅವನು ಶಿಳ್ಳೆ ಹಾಕುತ್ತಾ ಒಳಗೆ ಹೋದ. ಅವಳು ಎಂಜಿನ್ನನ್ನು ಒಮ್ಮೆ ಪೂರ್ತಿ ನೋಡಿ, ಈ ಸಲ ಬೇರೊಂದು ವೈರನ್ನು ಸಡಿಲಿಸುವುದೆಂದು ನಿರ್ಧರಿಸಿದಳು.