ಸದ್ದಿಲ್ಲದ ಕಾರು

ಮೇ ತಿಂಗಳ ನಡುಹಗಲು. ಬ್ಯಾಂಕಿನ ಮುಂದೆ ಹಸಿರು ನಂಬರ್ ಪ್ಲೇಟಿನ ಹೊಸ ಕಾರೊಂದು ಬಿಸಿಲಲ್ಲಿ ನಿಂತಿತ್ತು. ಗಾಜಿಗೆ ಮುಖ ಹಚ್ಚಿ ನೋಡಿದರೆ ಹಿಂದಿನ ಸೀಟಿನಲ್ಲಿ ವಾಲಿಕೊಂಡ ಮಗುವಿನ ತಲೆಯಷ್ಟೇ ಕಾಣುತ್ತಿತ್ತು. ಎಷ್ಟು ಬಡಿದರೂ ಅದು ಅಲುಗಲಿಲ್ಲ.

“ಎಸಿ ಹಚ್ಚಿ ಹೋಗಿರಬೇಕು ಬಿಡ್ರಿ,” ಎಂದಳು ನಿಂಬೆಹಣ್ಣು ಮಾರುವವಳು.

ಫಕೀರಪ್ಪ ಮಿಸ್ತ್ರಿ ಕಾದ ಬಾನೆಟ್ಟಿಗೆ ಕಿವಿಯಿಟ್ಟ. ನಲವತ್ತು ವರ್ಷ ಲಾರಿಗಳ ಕಾಯಿಲೆಯನ್ನು ಸದ್ದಿನಿಂದಲೇ ಹಿಡಿದ ಕಿವಿ ಅದು.

“ಎಂಜಿನ್ ಬಂದ್ ಐತಿ. ಎಸಿ ಎಲ್ಲಿಂದ ಬರಬೇಕು?” ಅವನು ಸುತ್ತ ನೋಡಿದ. “ಇದರ ಅವ್ವ ಎಲ್ಲಿ?”

“ಒಳಗ ಮಂದಿ ಪಾಳಿ ಹಚ್ಚಿ ನಿಂತಾರ್ರಿ. ಮೂರು ಸಲ ಕೂಗಿ ಬಂದೆ, ಯಾರೂ ಹೂಂ ಅನ್ನವಲ್ರು,” ಎಂದಳು ಅವಳು.

“ಕೂಸು ಉಳಿಯಂಗಿಲ್ಲ ಯವ್ವಾ! ಆ ಕಲ್ಲು ಕೊಡು.”

ಎರಡು ಏಟಿಗೂ ಗಾಜು ಜಗ್ಗಲಿಲ್ಲ. ಮೂರನೆಯದಕ್ಕೆ ಮುಂಬಾಗಿಲ ಗಾಜು ಪುಡಿಯಾಗಿ, ಅವನ ಕೈಯಿಂದ ರಕ್ತ ಸುರಿಯಿತು. ಬೆವರಿದ ಮುಖಕ್ಕೆ ಕಾರಿನೊಳಗಿಂದ ತಣ್ಣನೆಯ ಗಾಳಿ ರಾಚಿತು.

ಹಿಂದಿನ ಸೀಟಿನಲ್ಲಿ ಸ್ವೆಟರ್ ತೊಟ್ಟ ಹುಡುಗಿ ಕಣ್ಣುಜ್ಜಿಕೊಳ್ಳುತ್ತ ಎದ್ದು ಕೂತಳು.

“ಅಜ್ಜಾ, ಗ್ಲಾಸ್ ಏರಸ್ರಿ. ಬ್ಯಾಟರಿ ಕಾರ್ ಐತಿ, ಚಾರ್ಜ್ ಲಗೂನ ಮುಗದ್ರ ಅವ್ವ ಬೈತಾಳ.”