ಮುಂದಿನವನ ಬಾಲ

ಹಾಯಿದೋಣಿ ಪಂದ್ಯದಲ್ಲಿ ಭೋಜಣ್ಣನಿಗೆ ಗೊತ್ತಿದ್ದದ್ದು ಒಂದೇ ತಂತ್ರ: ಮುಂದಿರುವವನ ಬಾಲ ಹಿಡಿಯುವುದು. "ಬುದ್ಧಿ ಅವನದ್ದು, ಹಾಯಿ ನನ್ನದು," ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಿದ್ದ. ಈ ಸಲವೂ ಎಲ್ಲರಿಗಿಂತ ಮುಂದಿದ್ದ ಸಾಲ್ಡಾನ ತಿರುಗಿದಲ್ಲೆಲ್ಲ ತಾನೂ ತಿರುಗಿದ.

ನಡುಸಮುದ್ರದಲ್ಲಿ ಸಾಲ್ಡಾನನ ದೋಣಿ ಪಂದ್ಯದ ದಾರಿ ಬಿಟ್ಟು ಥಟ್ಟನೆ ದಡದ ಕಡೆ ಹೊರಳಿತು.

"ಭೋಜಣ್ಣ, ನಮ್ಮ ದಾರಿ ಅದಲ್ಲ," ಎಂದ ಜತೆಗಾರ ವಿಠಲ.

"ಸುಮ್ಮನಿರು ಮಾರಾಯ. ಅಲ್ಲಿ ಗಾಳಿ ಉಂಟು, ಅವನಿಗೆ ಗೊತ್ತುಂಟು."

ಹಿಂದಿದ್ದ ದೋಣಿಗಳೂ ಒಂದೊಂದಾಗಿ ಹೊರಳಿದವು. ಭೋಜಣ್ಣನ ಎದೆ ಉಬ್ಬಿತು.

ಬಂದರು ಮುಟ್ಟಿದಾಗ ಸಾಲ್ಡಾನ ಊದಿದ ಕೆನ್ನೆ ಹಿಡಿದುಕೊಂಡು ನಿಂತಿದ್ದ.

"ಹಲ್ಲುನೋವು ತಡೆಯಲಿಕ್ಕಾಗದೆ ನಾನು ಪಂದ್ಯ ಬಿಟ್ಟು ಬಂದೆ," ಎಂದವನು ಸಮುದ್ರದ ಕಡೆ ನೋಡಿ ಕೇಳಿದ, "ನೀವು ಹನ್ನೊಂದು ದೋಣಿಯವರು ಯಾಕೆ ಬಂದದ್ದು?"