ವಿಮಾನ ಬೇಕಾದ ಊರು

ಮಮತ ರಂಗೋಲಿಯ ಚುಕ್ಕಿಗಳನ್ನು ಸೇರಿಸುತ್ತಿದ್ದಾಗಲೇ ಹೊಸದಾಗಿ ಶುರುವಾಗಲಿರುವ ವಿಮಾನ ಕಂಪನಿಯ ಹುಡುಗಿ ಬಾಗಿಲಿಗೆ ಬಂದಳು. "ನಮ್ದು ಕಡಿಮೆ ರೇಟಿನ ವಿಮಾನ, ಅಮ್ಮ. ಯಾವ ಊರಿಗೆ ಹೋಗೋದು ನಿಮಗೆ ಕಷ್ಟ ಆಗ್ತಿದೆ? ಅಂಥ ಊರಿಗೇ ಬಿಡೋಣ ಅಂತ ಏರ್‌ಪೋರ್ಟ್ ಹತ್ರದ ಈ ಆವತಿಯಲ್ಲಿ ಮನೆಮನೆಗೂ ಹೋಗಿ ಕೇಳ್ತಿದೀವಿ."

ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಮುತ್ತಮ್ಮ ನಕ್ಕುಬಿಟ್ಟರು. "ನಮ್ ನೆಂಟ್ರೆಲ್ಲಾ ಚಿಕ್ಕಬಳ್ಳಾಪುರ, ಶಿಡ್ಲಘಟ್ಟದಾಗೇ ಅವ್ರೆ ಕಣವ್ವಾ. ನಿಮ್ ವಿಮಾನ ಮೇಲೆ ಏಳೋದ್ರೊಳಗೆ ನಾವು ಉಂಡು ಎಲೆಅಡಿಕೆ ಹಾಕ್ಕೊಂಡಿರ್ತೀವಿ!"

ಹುಡುಗಿಯೂ ನಕ್ಕಳು. ಮಮತಳ ಬೆರಳು ಮಾತ್ರ ಒಂದೇ ಚುಕ್ಕಿಯ ಮೇಲೆ ನಿಂತುಬಿಟ್ಟಿತ್ತು. ಪುಡಿ ಸುರಿಯುತ್ತಾ ಸುರಿಯುತ್ತಾ ಸಣ್ಣ ಗುಡ್ಡೆಯಾಯಿತು. ಸೋಂಪುರದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಗ ಮೆಚ್ಚಿದವನನ್ನು ಮದುವೆಯಾಗಿ ಈ ಮನೆಗೆ ಬಂದವಳು ಅವಳು. ತವರು ರಾಯಚೂರು. ಹೋದ ವರ್ಷ ಅಪ್ಪ ತೀರಿಕೊಂಡಾಗ, ರಾತ್ರಿಯಿಡೀ ಕೂತು ಹೋಗಿ ಬಸ್ಸಿಳಿಯುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ಈಗ ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಆದರೂ ಅತ್ತೆಯ ಎದುರು ತವರಿನ ಮಾತೆತ್ತಿ ಅವಳಿಗೆ ರೂಢಿಯಿಲ್ಲ.

"ಸರಿ ಅಮ್ಮ, ಈ ಮನೆಯಿಂದ ಯಾವೂರೂ ಇಲ್ಲ ಅಂತ ಹಾಕ್ಕೊಳ್ತೀನಿ" ಎಂದು ಹುಡುಗಿ ಹೊರಟಳು. ಜಡೆ ಹಾಕಿಸಿಕೊಳ್ಳಲು ಬಾಚಣಿಗೆ ಹಿಡಿದು ಅಮ್ಮನ ಬೆನ್ನಿಗೆ ಒರಗಿ ನಿಂತಿದ್ದ ಮಗಳು ಹರ್ಷಿತ, ಅಷ್ಟು ಹೊತ್ತೂ ಆ ಪುಡಿಯ ಗುಡ್ಡೆಯನ್ನೇ ನೋಡುತ್ತಿದ್ದಳು. ಈಗ ಮುತ್ತಮ್ಮನ ಕಡೆ ತಿರುಗಿ, ಬೀದಿಗೂ ಕೇಳಿಸುವಷ್ಟು ಜೋರಾಗಿ ಕೇಳಿದಳು: "ಅಜ್ಜಿ, ರಾಯಚೂರಜ್ಜಿ ನಮ್ ನೆಂಟ್ರಲ್ವಾ?"